ಹತ್ತುಮೀನಿನ ದಾರಿ

ಜನವರಿ 11

ಒಡ್ಡನ್ನು ಕೆಡವುವ ಆದೇಶ ಇಂದು ಕೈಗೆ ಬಂತು. ಉಸ್ತುವಾರಿ ನನಗೇ ವಹಿಸಿದ್ದಾರೆ.

ಸಾಹೇಬರು ಕಾಗದ ಕೊಡುವಾಗ ನಕ್ಕರು. "ಕಟ್ಟಿದವರೇ ಬಿಚ್ಚಿದ್ರೆ ಒಳ್ಳೇದಲ್ವಾ? ಯಾವ ಮೊಳೆ ಎಲ್ಲಿದೆ ಅಂತ ನಿಮಗೇ ಗೊತ್ತಿರತ್ತೆ" ಎಂದರು. ಒಡ್ಡಿನಲ್ಲಿ ಮೊಳೆ ಇಲ್ಲ. ನಾನೂ ನಕ್ಕೆ.

ಉದ್ದ ಎಂಬತ್ತಾರು ಮೀಟರ್, ಎತ್ತರ ನಾಲ್ಕೂವರೆ ಮೀಟರ್, ಗೇಟುಗಳು ನಾಲ್ಕು. ಕಟ್ಟಿ ಮೂವತ್ತೊಂದು ವರ್ಷ. ಯಾವ ಗಿರಣಿಗೆ ನೀರು ಕೊಡಲೆಂದು ಕಟ್ಟಿದೆವೋ ಅದು ಮುಚ್ಚಿ ಹನ್ನೆರಡು ವರ್ಷವಾಯಿತು. ಈಗ ನದಿಯನ್ನು ಮೊದಲಿನಂತೆ ಮಾಡಬೇಕಂತೆ. ಮೊದಲಿನಂತೆ ಎಂದರೆ ಹೇಗೆ ಎಂದು ಆದೇಶದಲ್ಲಿ ಬರೆದಿಲ್ಲ.

ಕೆಲಸದ ಪುಸ್ತಕಕ್ಕೆ ಮೂರು ಜನ ಸಹಿ ಹಾಕುತ್ತಾರೆ. ಇದಕ್ಕೆ ಯಾರೂ ಹಾಕುವುದಿಲ್ಲ. ಅದಕ್ಕೇ ಈ ಬೇರೆ ಪುಸ್ತಕ ತೆಗೆದುಕೊಂಡೆ.

ಜನವರಿ 19

ಗೇಟುಮನೆಯ ಪಕ್ಕದ ಕೊಠಡಿಗೆ ಸಾಮಾನು ಸಾಗಿಸಿದೆ. ಸಾಮಾನೆಂದರೆ ಒಂದು ಹಾಸಿಗೆ, ಎರಡು ಪೆಟ್ಟಿಗೆ, ನಕ್ಷೆ ಬರೆಯುವ ಹಲಗೆ. ಒಂಟಿಯಾಗಿ ಇರುವವನಿಗೆ ಮನೆ ಬದಲಿಸುವುದು ಅರ್ಧ ದಿನದ ಕೆಲಸ. ಕಿಟಕಿ ತೆರೆದರೆ ಎದುರಿಗೇ ನಿಂತ ನೀರು. ಹಸಿರು ಬಣ್ಣ, ಅಂಚಿನಲ್ಲಿ ಪಾಚಿ. ಒಡ್ಡಿನ ಕೆಳಗಡೆ ಮಾತ್ರ ಸ್ವಲ್ಪ ಸದ್ದು.

ಜೀವಶಾಸ್ತ್ರದವರೊಬ್ಬರನ್ನು ಕಳಿಸಿದ್ದಾರೆ. ಮೂವತ್ತೈದರ ಆಸುಪಾಸಿನ ಹೆಂಗಸು. ಎದೆಯವರೆಗೆ ಬರುವ ರಬ್ಬರ್ ಉಡುಪು ತೊಟ್ಟು, ಬಂದ ಹತ್ತೇ ನಿಮಿಷದಲ್ಲಿ ನೀರಿಗಿಳಿದರು. ಕೆಲಸಗಾರರು ಆಗಲೇ ಮೀನು ಮೇಡಂ ಎಂದು ಹೆಸರಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಗೇಟನ್ನು ಒಮ್ಮೆಲೇ ತೆಗೆಯುವ ಹಾಗಿಲ್ಲ. ದಿನಕ್ಕೆ ಒಂದು ಗೇಣಿನಂತೆ ನೀರು ಇಳಿಸಬೇಕು. ಇಲ್ಲದಿದ್ದರೆ ಅಂಚಿನಲ್ಲಿರುವ ಕಪ್ಪೆಚಿಪ್ಪುಗಳು ಒಣಗಿ ಸಾಯುತ್ತವೆ.

"ಚಿಪ್ಪಿಗೋಸ್ಕರ ನಾವು ಕಾಯ್ಬೇಕಾ?" ಎಂದು ಕೇಳಿದೆ.

"ಒಂದೊಂದು ಚಿಪ್ಪು ದಿನಕ್ಕೆ ಒಂದು ಕೊಡದಷ್ಟು ನೀರು ಸೋಸತ್ತೆ ಸಾರ್. ನಿಮ್ಮ ಇಲಾಖೆಯವರು ಯಾರಾದ್ರೂ ಅಷ್ಟು ಕೆಲಸ ಮಾಡ್ತಾರಾ?"

ಬಾಯಿ ಜೋರು.

ನದಿಯ ತಳ ಮೊದಲು ಹೇಗಿತ್ತೆಂದು ಬಲ್ಲವರು ಅವರಿಗೆ ಬೇಕಂತೆ. ಊರಿನಲ್ಲಿ ವಿಚಾರಿಸಿ ಹಳೆಯ ಮೀನುಗಾರರೊಬ್ಬರನ್ನು ಹುಡುಕಿದ್ದಾರೆ. ಹೆಸರು ಹೇಳಿ, ಗುರುತಿದೆಯೇ ಎಂದು ಕೇಳಿದರು. ಇಲ್ಲ ಎಂದೆ.

ಅಕ್ಕನ ಗಂಡ.

ಜನವರಿ 27

ಆತ ಇಂದು ಬಂದ. ಎಪ್ಪತ್ತಮೂರು ವರ್ಷ. ಸೈಕಲ್ ತುಳಿದುಕೊಂಡೇ ಬಂದ. ನಾನು ಹಲಗೆಯ ಮುಂದೆ ಕುಳಿತಿದ್ದೆ. ನನ್ನನ್ನು ನೋಡಿದ, ನೋಡಿಯೂ ಇಲ್ಲ ಎಂಬಂತೆ ಚಪ್ಪಲಿ ಬಿಟ್ಟು ಒಳಗೆ ಬಂದ.

ಇಡೀ ದಿನ ನನ್ನ ಜೊತೆ ನೇರವಾಗಿ ಒಂದು ಮಾತೂ ಇಲ್ಲ. ಇಬ್ಬರ ನಡುವೆ ಎರಡು ಮಾರು ದೂರವೂ ಇರಲಿಲ್ಲ. ಆದರೂ, "ಮೇಡಂ, ಎಂಜಿನಿಯರಿಗೆ ಹೇಳಿ, ಆ ಕಡೆ ಕಂಬ ಹುಗಿಯೋಕಾಗಲ್ಲ, ಕೆಳಗೆ ಬಂಡೆ ಇದೆ" ಎಂದ. ಮೇಡಂ ನನ್ನ ಕಡೆ ತಿರುಗಿ, "ಅಲ್ಲಿ ಬಂಡೆ ಇದೆಯಂತೆ" ಎಂದರು. "ನನ್ನ ನಕ್ಷೆಯಲ್ಲಿ ಇಲ್ಲ ಅಂತ ಹೇಳಿ" ಎಂದೆ. ಅವರು ಆತನ ಕಡೆ ತಿರುಗಿದರು. ಸಂಜೆಯ ಹೊತ್ತಿಗೆ ಪಾಪ ಅವರ ಕುತ್ತಿಗೆ ನೋಯುತ್ತಿತ್ತೇನೋ.

ಬಂಡೆ ಇತ್ತು.

ಫೆಬ್ರುವರಿ 6

ಗೇಟುಮನೆಯ ನೆಲದ ಮೇಲೆ ಆತ ಸೀಮೆಸುಣ್ಣದಿಂದ ನದಿ ಬರೆದ. ಮೊಣಕಾಲೂರಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತೆವಳುತ್ತಾ ಅರ್ಧ ಗಂಟೆ ಬರೆದ. ನೊರಜುಗಲ್ಲಿನ ಹರವು, ಬಂಡೆಸಾಲು, ಮರಳುದಿಣ್ಣೆ, ಬಲದಂಡೆಗೆ ಒತ್ತಿಕೊಂಡು ಒಂದು ಮಡು. "ಇಲ್ಲಿ ಮೂರಾಳು ನೀರು. ಬೇಸಗೇಲೂ ಬತ್ತುತ್ತಿರಲಿಲ್ಲ" ಎಂದು ಮೇಡಂಗೆ ಹೇಳಿದ.

ನನ್ನ ಹಳೆಯ ಸಮೀಕ್ಷೆಯ ಹಾಳೆ ಬಿಚ್ಚಿ ನೋಡಿದೆ. ಅಲ್ಲಿ ಮಡು ಇಲ್ಲ. ಹತ್ತು ಹತ್ತು ಮೀಟರಿಗೆ ಅಳತೆ ತೆಗೆದಿದ್ದೆವು. ಮಡುವಿನ ಬಾಯಿ ಎಂಟು ಮೀಟರ್. ಎರಡು ಅಳತೆಗಳ ನಡುವೆ ತಪ್ಪಿಸಿಕೊಂಡಿದೆ.

ಮಧ್ಯಾಹ್ನ ದೋಣಿಯಲ್ಲಿ ಹೋಗಿ ಗಳ ಇಳಿಸಿದೆವು. ಮೂರು ಮೀಟರಿನವರೆಗೆ ಬರೀ ಹೂಳಿನಲ್ಲಿ ಇಳಿಯಿತು. ಆತನೇ ಸರಿ. ನಕ್ಷೆಯಲ್ಲಿ ಕೆಂಪು ಶಾಯಿಯಿಂದ ತಿದ್ದಿದೆ.

ಫೆಬ್ರುವರಿ 7

ವಿಶೇಷವಿಲ್ಲ. ನೆಲ ಗುಡಿಸಲು ಬಂದವಳಿಗೆ ಆ ಸೀಮೆಸುಣ್ಣದ ಗೆರೆಗಳನ್ನು ಬಿಟ್ಟು ಗುಡಿಸಲು ಹೇಳಿದೆ.

ಫೆಬ್ರುವರಿ 20

ಮಡುವಿನ ಹೂಳಿನ ಮಾದರಿ ತೆಗೆದೆವು. ಉದ್ದನೆಯ ಕೊಳವೆಯನ್ನು ಒತ್ತಿ ಮೇಲೆಳೆದರೆ ಮೇಲೆ ಕಂದು ಮಣ್ಣು, ಕೆಳಗೆ ಇದ್ದಿಲಿನಂಥ ಕಪ್ಪು. ಕೆಟ್ಟ ವಾಸನೆ, ಅದರ ಹಿಂದೆ ಇನ್ನೇನೋ ಚುರುಚುರು ಎನ್ನುವ ಘಾಟು. ಮೇಲ್ದಂಡೆಯಲ್ಲಿ ಹಿಂದೆ ಚರ್ಮ ಹದಮಾಡುವ ಕಾರ್ಖಾನೆಯೊಂದಿತ್ತು. ಅದರ ಕೊಳೆನೀರು ಹರಿದು ಬಂದು ಒಡ್ಡಿನ ಹಿಂದೆ ನಿಂತಿದೆ. ನಿಂತಲ್ಲೇ ಮಡು ಸೇರಿದೆ.

ಮೇಡಂ ಇಂದು ಜೋಕು ಹಾರಿಸಲಿಲ್ಲ. ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರು.

ಮಾರ್ಚ್ 4

ಅಕ್ಕನ ಗಂಡ ಇಂದು ಎರಡು ಊಟದ ಡಬ್ಬಿ ತಂದ. ಒಂದನ್ನು ತನ್ನ ಮುಂದಿಟ್ಟುಕೊಂಡು ಇನ್ನೊಂದನ್ನು ಮೇಜಿನ ಮೇಲೆ ಬಿಟ್ಟ. ಯಾರಿಗೆಂದು ಹೇಳಲಿಲ್ಲ. ಮುಚ್ಚಳದ ಮೇಲೆ ಬಟ್ಟೆ ಕಟ್ಟಿದ ಗಂಟು ನೋಡಿದರೆ ಸಾಕು, ಅಕ್ಕ ಕಟ್ಟಿದ್ದೆಂದು ಗೊತ್ತಾಗುತ್ತದೆ. ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತಾಳೆ, ಹುಲಿ ಹಿಡಿದು ಕಟ್ಟಿದ ಹಾಗೆ.

ಮೇಡಂ ಡಬ್ಬಿಯನ್ನೂ ನನ್ನನ್ನೂ ನೋಡಿದರು. "ಗುರುತಿಲ್ಲ ಅಂದಿದ್ರಿ?"

ನಾನು ಉತ್ತರಿಸುವ ಮೊದಲೇ ಆತ ಅನ್ನ ಕಲೆಸುತ್ತಾ ಹೇಳಿದ. "ನನ್ನ ಹೆಂಡತಿಯ ತಮ್ಮ. ನಾಲ್ಕು ವರ್ಷ ನಮ್ಮನೇಲೇ ಇದ್ದು ಎಂಜಿನಿಯರಿಂಗ್ ಓದಿದ್ದು."

ನಿಜ. ಮಾಳಿಗೆಯ ಮೇಲೆ ಬಲೆ ಒಣಗಿಸುವ ಜಾಗದ ಪಕ್ಕ ನನ್ನ ಮೇಜಿತ್ತು. ಬೆಳಿಗ್ಗೆ ಆತ ನದಿಯಿಂದ ಬರುವ ಹೊತ್ತಿಗೆ ನಾನು ಕಾಲೇಜಿಗೆ ಹೊರಡುತ್ತಿದ್ದೆ. ಆತ ಹಿಡಿದು ತಂದದ್ದನ್ನೇ ಉಂಡು ಓದಿದೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಗುರುತಿಲ್ಲ ಎಂದು ಯಾಕೆ ಹೇಳಿದೆನೋ ತಿಳಿಯದು.

ಡಬ್ಬಿ ತೊಳೆದು ಆತನ ಸೈಕಲ್ ಬುಟ್ಟಿಯಲ್ಲಿಟ್ಟೆ.

ಮಾರ್ಚ್ 15

ಪ್ರಯೋಗಾಲಯದ ವರದಿ ಬಂತು. ಮಡುವಿನ ಹೂಳಿನಲ್ಲಿ ಕ್ರೋಮಿಯಂ ಇರಬೇಕಾದ್ದಕ್ಕಿಂತ ಒಂಬತ್ತು ಪಟ್ಟು. ಗೇಟು ತೆಗೆದರೆ ಅದೆಲ್ಲ ಎದ್ದು ಕೆಳಗೆ ಹೋಗುತ್ತದೆ. ಕೆಳಗೆ ಮೂರು ಕಿಲೋಮೀಟರಿಗೆ ಊರಿನ ಕುಡಿಯುವ ನೀರಿನ ಪಂಪುಮನೆ. ಅದಕ್ಕೂ ಮೊದಲು, ಅಳಿದುಳಿದ ಮೀನು ಮೊಟ್ಟೆಯಿಡುವ ನೊರಜುಗಲ್ಲಿನ ಹರವು. ಮೊದಲು ಮಡುವಿನ ಸುತ್ತ ಪರದೆ ಕಟ್ಟಿ, ಯಂತ್ರದಿಂದ ಹೂಳು ಹೀರಿ ಬೇರೆಡೆಗೆ ಸಾಗಿಸಬೇಕು. ಐದು ವಾರದ ಕೆಲಸ.

ವರದಿ ಹಿಡಿದು ಸಾಹೇಬರ ಹತ್ತಿರ ಹೋದೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು.

"ಏಪ್ರಿಲ್ ಎರಡಕ್ಕೆ ಗೇಟು ತೆಗೆಯೋ ಸಮಾರಂಭ. ಮಂತ್ರಿಗಳು ಬರ್ತಾರೆ. ಆಹ್ವಾನ ಪತ್ರಿಕೆ ಅಚ್ಚಾಗಿದೆ" ಎಂದರು.

"ಐದು ವಾರ ಮುಂದಕ್ಕೆ ಹಾಕಿದ್ರೆ ಸಾಕು ಸಾರ್."

"ಅಷ್ಟರಲ್ಲಿ ಮಳೆ ಬಂದ್ರೆ? ಈ ವರ್ಷವೇ ಕೆಡವೋಕಾಗಲ್ಲ. ನೋಡಿ, ಹೂಳು ಅಂದಮೇಲೆ ನೀರು ತೊಳ್ಕೊಂಡು ಹೋಗತ್ತೆ. ಎರಡು ದಿನ ಕದಡಿರತ್ತೆ, ಆಮೇಲೆ ಯಾರೂ ಕೇಳಲ್ಲ. ವರದಿ ನಿಮ್ಮ ಹೆಸರಿಗೆ ಬಂದಿದೆ. ನಿಮ್ಮ ಫೈಲಲ್ಲೇ ಇರಲಿ."

ಸರಿ ಸಾರ್ ಎಂದು ಎದ್ದು ಬಂದೆ. ಗೇಟು ತೆಗೆಯಲು ಅಡ್ಡಿಯಿಲ್ಲವೆಂಬ ಪತ್ರಕ್ಕೆ ಉಸ್ತುವಾರಿ ಎಂಜಿನಿಯರ್ ಸಹಿ ಬೇಕು. ಅದರ ಖಾಲಿ ನಮೂನೆಯನ್ನೂ ಕೈಗೆ ಕೊಟ್ಟು ಕಳಿಸಿದರು.

ಮಾರ್ಚ್ 16

ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೇನೂ ಅಲ್ಲ. ಇಂದು ಹಾಕಿಲ್ಲ.

ಮಾರ್ಚ್ 18

ಅಕ್ಕನ ಮನೆಗೆ ಹೋದೆ. ಅಮ್ಮ ತೀರಿಕೊಂಡಾಗ ಹೋದದ್ದು, ಅದೂ ಅಂಗಳದವರೆಗೆ. ಹದಿನೈದು ವರ್ಷವಾಗಿದೆ. ಆತ ಒಡ್ಡಿನ ಹತ್ತಿರ ಮೇಡಂ ಜೊತೆ ಇರುವ ಹೊತ್ತು ನೋಡಿಕೊಂಡೇ ಹೋದೆ.

ಅಕ್ಕ ಬಾಗಿಲು ತೆಗೆದು, "ಬಾ. ಚಪ್ಪಲಿ ಒಳಗೆ ಬಿಡು, ನಾಯಿ ಕಚ್ಕೊಂಡು ಹೋಗತ್ತೆ" ಎಂದಳು. ನಿನ್ನೆ ಬಂದು ಹೋದವನಿಗೆ ಹೇಳಿದ ಹಾಗೆ. ಅರವತ್ತೆಂಟು ವರ್ಷ, ಕೂದಲು ಪೂರ್ತಿ ಬಿಳಿ. ಅಡಿಗೆಮನೆಯಲ್ಲಿ ಅದೇ ಮಣೆ ಹಾಕಿ ಕೂರಿಸಿದಳು.

ಡಬ್ಬಿಯ ಊಟ ಚೆನ್ನಾಗಿತ್ತು ಎಂದೆ. ಉಪ್ಪು ಜಾಸ್ತಿಯಾಗಿತ್ತು, ಸುಳ್ಳು ಹೇಳಬೇಡ ಎಂದಳು. ಲೋಟ ತೊಳೆಯಲು ತಿರುಗಿದಳು.

"ಒಡ್ಡು ಕಟ್ಟಿದ್ದಕ್ಕೆ ಇಷ್ಟು ವರ್ಷ ಮಾತು ಬಿಡೋದಾ ಅಕ್ಕ? ನಾನು ಕಟ್ಟದಿದ್ರೆ ಇನ್ನೊಬ್ಬ ಕಟ್ಟುತ್ತಿದ್ದ."

ಅಕ್ಕ ಲೋಟ ತೊಳೆಯುವುದನ್ನು ನಿಲ್ಲಿಸಿದಳು. "ಕಟ್ಟಿದ್ದಕ್ಕೆ ಅಂತ ಯಾರು ಹೇಳಿದ್ದು ನಿನಗೆ?"

"ಮತ್ತೆ?"

"ಇಲ್ಲೇ, ಈ ಬಾಗಿಲಲ್ಲೇ ನಿಂತು ಅವರು ನಿನ್ನ ಕೇಳಿದ್ರು. ಮೀನು ಹತ್ತೋಕೆ ದಾರಿ ಬಿಟ್ಟಿದ್ದೀರಾ ಅಂತ. ಬಿಟ್ಟಿದ್ದೀವಿ ಭಾವ, ಗೋಡೆ ಪಕ್ಕ ಮೆಟ್ಟಿಲು ಥರ ಮಾಡ್ತೀವಿ, ಕಾಗದದಲ್ಲಿ ಬರೆದಿದೆ ಅಂದೆ. ಅಂದೆಯೋ ಇಲ್ವೋ?"

ಅಂದಿದ್ದೆ.

"ಮಳೆಗಾಲದ ಮೊದಲ ಹೊಸ ನೀರು ಬಂದ ದಿನ ಹೋದ್ರು, ಹತ್ತುಮೀನು ಮೊಟ್ಟೆಯಿಡೋಕೆ ಮೇಲಕ್ಕೆ ಹೋಗೋ ಹೊತ್ತು. ಬಲೆ ತಗೊಂಡು ಹೋಗಿರಲಿಲ್ಲ ಕಣೋ, ಹತ್ತುತ್ವಾ ನೋಡೋಣ ಅಂತ ಹೋದ್ರು. ಮೀನು ಬಂದು ಗೋಡೆಗೆ ಬಡ್ಕೊಂಡು ಬಡ್ಕೊಂಡು ಬೀಳ್ತಿದ್ವಂತೆ. ನಾಲ್ಕು ದಿನ ಹೋಗಿ ನೋಡಿದ್ರು. ಐದನೇ ದಿನ ಬಲೆ ಮಡಚಿ ಅಟ್ಟಕ್ಕೆ ಹಾಕಿ, ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋದ್ರು."

ಆಮೇಲೆ ಅಕ್ಕ ಬೇರೆ ಮಾತು ತೆಗೆದಳು. ನಾಯಿಯ ವಿಷಯ, ತನ್ನ ಮಂಡಿನೋವಿನ ವಿಷಯ. ಹೊರಡುವಾಗ, "ತೆಳ್ಳಗಾಗಿದ್ದೀಯ" ಎಂದಳು.

ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು. ಮೊದಲ ನಕ್ಷೆಯಲ್ಲಿ ಮೀನಿನ ಮೆಟ್ಟಿಲು ಇತ್ತು. ನಾನೇ ಬರೆದದ್ದು, ಹನ್ನೊಂದು ಮೆಟ್ಟಿಲು. ಕೆಲಸ ತಡವಾಗುತ್ತದೆಂದು ಮೇಲಿನವರು ಹೊಡೆದುಹಾಕಿದರು. ತಿದ್ದಿದ ನಕ್ಷೆಗೆ ಸಹಿ ಹಾಕಿದವನು ನಾನು. ಆತ ಬಾಗಿಲಲ್ಲಿ ಕೇಳಿದ್ದು ಅದಾದ ಎರಡು ವಾರಕ್ಕೆ.

ಮಾರ್ಚ್ 19

ಪತ್ರ ಬರೆದೆ. ಎರಡೇ ಪ್ಯಾರಾ. ಹೂಳು ತೆಗೆಯುವ ಮೊದಲು ಗೇಟು ತೆರೆಯಲು ನನ್ನ ಒಪ್ಪಿಗೆಯಿಲ್ಲ. ಪ್ರಯೋಗಾಲಯದ ವರದಿಯ ಪ್ರತಿ ಜೊತೆಗಿದೆ. ಒಂದು ಸಾಹೇಬರಿಗೆ, ಒಂದು ಊರಿನ ನೀರು ಸರಬರಾಜು ಕಚೇರಿಗೆ. ಎರಡನ್ನೂ ಕೈಯಾರೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ.

ಮಾರ್ಚ್ 24

ಸಾಹೇಬರು ಗೇಟುಮನೆಗೇ ಬಂದರು. ನೀರು ಸರಬರಾಜಿನವರು ಅವರಿಗೆ ಪತ್ರದ ಮೇಲೆ ಪತ್ರ ಬರೆದಿದ್ದಾರೆ. ಸಮಾರಂಭ ಮುಂದೆ ಹೋಗಿದೆ.

"ರಿಟೈರಾಗೋಕೆ ಏಳು ತಿಂಗಳಿದೆ ನಿಮಗೆ. ಮೂವತ್ತೇಳು ವರ್ಷ ಯಾರ ಜೊತೆಗೂ ಜಗಳ ಇಲ್ಲ, ತಕರಾರಿಲ್ಲ. ಈಗ್ಯಾಕೆ ಸುಮ್ಮನೆ ಮೈಮೇಲೆ ಎಳ್ಕೊಂಡ್ರಿ?" ಎಂದರು. ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

"ವರದಿ ನನ್ನ ಹೆಸರಿಗೆ ಬಂದಿತ್ತು ಸಾರ್" ಎಂದೆ.

ನನ್ನನ್ನು ಹಳೆಯ ಕಾಗದಗಳ ವಿಭಾಗಕ್ಕೆ ಹಾಕಿದ್ದಾರೆ. ಉಸ್ತುವಾರಿ ಇನ್ನೊಬ್ಬರಿಗೆ. ನಾಳೆಯೇ ಕೊಠಡಿ ಬಿಡಬೇಕು. ಮೇಡಂ ಪೆಟ್ಟಿಗೆ ಹಿಡಿಯಲು ಬಂದರು. ಏನೋ ಹೇಳಲು ಹೋಗಿ, "ಭಾರ ಇದೆಯಲ್ಲಾ, ಏನಿದೆ ಸಾರ್ ಇದರಲ್ಲಿ?" ಎಂದರು. ಅಳತೆಪಟ್ಟಿಗಳು ಎಂದೆ.

ಅಕ್ಕನ ಗಂಡ ದೂರದಲ್ಲಿ ದೋಣಿಯ ನೀರು ಚೆಲ್ಲುತ್ತಿದ್ದ. ತಲೆ ಎತ್ತಲಿಲ್ಲ.

ಏಪ್ರಿಲ್ 10

ಕಾಗದಗಳ ವಿಭಾಗದಲ್ಲಿ ಕಿಟಕಿಯಿಲ್ಲ. ಹೂಳು ಹೀರುವ ಕೆಲಸ ಶುರುವಾಗಿದೆಯಂತೆ.

ಏಪ್ರಿಲ್ 26

ಮಧ್ಯಾಹ್ನ ಮೋಡ ಕವಿಯಿತು. ಕಚೇರಿಯ ಬಾಗಿಲಿಗೆ ಮೂರು ಸಲ ಹೋಗಿ ನೋಡಿದೆ. ನಾಲ್ಕು ಹನಿ ಬಿದ್ದು ನಿಂತಿತು. ಜೊತೆಯವರು, ಬಟ್ಟೆ ಒಣಗಲು ಹಾಕಿದ್ದೀರಾ ಎಂದು ಕೇಳಿದರು. ಹೌದೆಂದೆ.

ಮೇ 4

ಹೂಳು ಪೂರ್ತಿ ತೆಗೆದಾಯಿತು. ಮೇಡಂ ಫೋನ್ ಮಾಡಿ ತಿಳಿಸಿದರು. ಇನ್ನು ದಿನಕ್ಕೊಂದು ಗೇಣು ನೀರು ಇಳಿಸುತ್ತಾರೆ. ಚಿಪ್ಪು ಹೊರಲು ಜನ ಸಾಲದು, ರಜೆಯ ದಿನ ಬಿಡುವಿದ್ದವರು ಬರಬಹುದು ಎಂದರು. ನನ್ನನ್ನೇ ಕರೆಯುತ್ತಿದ್ದಾರೋ, ಊರಿಗೆಲ್ಲ ಹೇಳುತ್ತಿದ್ದಾರೋ ತಿಳಿಯಲಿಲ್ಲ.

ಮೇ 11

ಹೋದೆ. ನೀರು ಒಂದು ಆಳಿನಷ್ಟು ಇಳಿದಿದೆ. ಅಂಚಿನ ಕೆಸರು ಬಿಸಿಲಿಗೆ ಬಿರಿಯುತ್ತಿದೆ. ಅದರಲ್ಲಿ ಸಣ್ಣ ಸಣ್ಣ ಗೆರೆಗಳು. ಚಿಪ್ಪುಗಳು ನೀರನ್ನು ಹುಡುಕಿಕೊಂಡು ತೆವಳಿದ ಗುರುತು. ಎಷ್ಟೋ ಗೆರೆಗಳು ಅರ್ಧದಾರಿಯಲ್ಲೇ ನಿಂತಿದ್ದವು. ಗೆರೆಯ ಕೊನೆಯಲ್ಲಿ ಬೆರಳಿಟ್ಟು ಅಗೆದರೆ ಚಿಪ್ಪು ಸಿಗುತ್ತದೆ. ಕೈಗೆ ತಣ್ಣಗೆ, ಹೊರಮೈ ಒರಟು. ಬುಟ್ಟಿಯಲ್ಲಿ ಒದ್ದೆ ಗೋಣಿ ಹಾಸಿ, ಮೇಲ್ದಂಡೆಯ ನೊರಜುಗಲ್ಲಿಗೆ ಹೊತ್ತುಕೊಂಡು ಹೋಗಿ ಒಂದೊಂದನ್ನೂ ನೆಟ್ಟ ಹಾಗೆ ನಿಲ್ಲಿಸಬೇಕು. ಮೊದಲ ಆರು ಬುಟ್ಟಿಗೆ ನನ್ನ ಲೆಕ್ಕ ನಾನೂರ ಹನ್ನೆರಡು ಚಿಪ್ಪು.

ಏಳನೆಯ ಬುಟ್ಟಿ ತುಂಬುವಾಗ ಪಕ್ಕದಲ್ಲಿ ಆತನಿದ್ದ. ಬೇರೆ ಯಾರೂ ಇರಲಿಲ್ಲ. ಮೊದಲೇ ಯೋಚಿಸಿಕೊಂಡು ಹೋಗಿರಲಿಲ್ಲ.

"ಭಾವ, ಮೆಟ್ಟಿಲು ತೆಗೆದುಹಾಕಿದ್ದು ನನಗೆ ಗೊತ್ತಿತ್ತು. ನೀವು ಕೇಳಿದಾಗ ಇದೆ ಅಂತ ಹೇಳಿದ್ದು ಸುಳ್ಳು."

ಆತ ಅಗೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು."

"ಯಾವಾಗಿಂದ?"

"ಅದೇ ವಾರ. ಕಟ್ಟೋ ಮೇಸ್ತ್ರಿ ಹೇಳಿದ್ದ. ನಿಮ್ಮಕ್ಕಂಗೂ ಹೇಳಲಿಲ್ಲ. ನೀನೇ ಬಂದು ಹೇಳ್ತೀಯ ಅಂತ ನೋಡ್ತಿದ್ದೆ."

ಮೂವತ್ತೊಂದು ವರ್ಷ ನೋಡಿದ್ದಾರೆ. ಬುಟ್ಟಿ ಎತ್ತಿಕೊಂಡು ನಿಂತೇ ಇದ್ದೆ.

"ಬಿಸಿಲಲ್ಲಿ ಹಿಡ್ಕೊಂಡು ನಿಲ್ಲಬೇಡ" ಎಂದರು ಭಾವ. "ಚಿಪ್ಪು ಬಾಯಿ ಬಿಡತ್ತೆ. ನಡೆ."

ನಡೆದೆ. ಸಂಜೆಗೆ ಒಟ್ಟು ಒಂಬತ್ತು ಬುಟ್ಟಿಯಾಯಿತು.

ಮೇ 30

ಗೋಡೆ ಒಡೆಯುವ ಯಂತ್ರ ಬಂತು. ಮಂತ್ರಿಗಳು ಬರಲಿಲ್ಲ, ಅವರಿಗೆ ಬೇರೆ ಕಡೆ ಉದ್ಘಾಟನೆ ಇತ್ತಂತೆ. ಸಾಹೇಬರು ಬಂದಿದ್ದರು. ನನ್ನನ್ನು ಕಂಡು ಒಂದು ಗಳಿಗೆ ತಡೆದು, ತಲೆಯಾಡಿಸಿದರು. ನಾನೂ ಆಡಿಸಿದೆ.

ಕಾಂಕ್ರೀಟು ಒಳ್ಳೆಯದಿತ್ತು. ಮೊದಲ ತುಂಡು ಬೀಳಲು ನಲವತ್ತು ನಿಮಿಷ ಹಿಡಿಯಿತು. "ಗಟ್ಟಿಯಾಗಿ ಕಟ್ಟಿದ್ದೀಯ" ಎಂದರು ಭಾವ. ಅದು ಹೊಗಳಿಕೆಯೋ ಅಲ್ಲವೋ ಕೇಳಲಿಲ್ಲ.

ಜೂನ್ 17

ಮಂಗಳವಾರ, ಗುರುವಾರ ಅಕ್ಕನ ಮನೆಯಲ್ಲೇ ಊಟ. ಉಪ್ಪು ಈಗಲೂ ಜಾಸ್ತಿ. ಹೇಳಿದೆ. "ಹಾಗಾದ್ರೆ ನೀನೇ ಮಾಡು" ಎಂದಳು.

ಜುಲೈ 2

ನಿನ್ನೆಯಿಂದ ಮೇಲ್ದಂಡೆಯಲ್ಲಿ ಮಳೆ. ಹೊಸ ನೀರು ಬರುತ್ತದೆಂದು ಭಾವ ಬೆಳಿಗ್ಗೆಯೇ ಹೇಳಿ ಕಳಿಸಿದರು. ಕಚೇರಿಗೆ ರಜೆ ಬರೆದು ಹೋದೆ. ಏನೂ ಕಾಣಲಿಲ್ಲ. ಮಧ್ಯಾಹ್ನದವರೆಗೆ ನಿಂತು ಬಂದೆವು. ಮೊದಲ ವರ್ಷವೇ ಬರಬೇಕೆಂದಿಲ್ಲ, ಕೆಳಗೆ ಉಳಿದಿರುವುದೇ ಸ್ವಲ್ಪ ಎಂದು ಮೇಡಂ ಮೂರು ಸಲ ಹೇಳಿದರು. ಭಾವ ಕೆಳಗಿನ ತಿರುವನ್ನೇ ನೋಡುತ್ತಿದ್ದರು.

ಜುಲೈ 3

ಇಲ್ಲ.

ಜುಲೈ 4

ಅಕ್ಕನೂ ಬಂದಿದ್ದಳು, ಮಂಡಿನೋವೆಂದರೂ ಕೇಳದೆ. ದಂಡೆಯ ಕಲ್ಲಿನ ಮೇಲೆ ಕೊಡೆ ಹಿಡಿದು ಕೂತಳು. ನೀರು ಕೆಂಪಗೆ, ಮೊಣಕಾಲಿನ ಮೇಲೆ ಹರಿಯುತ್ತಿತ್ತು. ಗೋಡೆ ಇದ್ದ ಜಾಗದಲ್ಲಿ ಈಗ ಇಳಿಜಾರು. ಉರುಟು ಕಲ್ಲುಗಳ ಮೇಲೆ ನೀರು ಮುರಿದು ಬೀಳುತ್ತದೆ.

ಒಂಬತ್ತು ಗಂಟೆಗೆ ಭಾವ ಕೈಯೆತ್ತಿ, ಸುಮ್ಮನಿರಿ ಎಂದರು. ನನಗೆ ನೀರಿನ ಸದ್ದಷ್ಟೇ ಕೇಳಿಸಿತು. "ಬಂದ್ವು" ಎಂದರು.

ಆಮೇಲೆ ನನಗೂ ಕಂಡಿತು. ಕೆಳಗಿನ ತಿರುವಿನಲ್ಲಿ ನೀರು ಒಂದು ಕಡೆ ಮಾತ್ರ ನಡುಗುತ್ತಿತ್ತು. ನಡುಕ ಮೇಲಕ್ಕೆ ಬಂತು. ಬೆನ್ನುಗಳು. ಒಂದರ ಹಿಂದೆ ಒಂದು, ಬೆಳ್ಳಗೆ ಹೊಳೆದು ಮುಳುಗುತ್ತಿದ್ದವು. ಅವು ಇಳಿಜಾರಿನ ಅರ್ಧಕ್ಕೆ ಬಂದು ನಿಂತವು. ಅಲ್ಲಿ ಅಡಿಪಾಯದ ಒಂದು ತುಂಡು ಉಳಿದಿತ್ತು, ಮೊಳದೆತ್ತರ. ಯಂತ್ರದವರು ಮಣ್ಣಿನಲ್ಲಿ ಹೂತಿದೆಯೆಂದು ಬಿಟ್ಟದ್ದು, ಹೊಸ ನೀರು ಮಣ್ಣು ಕೊಚ್ಚಿ ಎಬ್ಬಿಸಿದೆ. ಮೀನು ಹಾರಿ ಅದಕ್ಕೆ ಬಡಿದು ಹಿಂದಕ್ಕೆ ಬೀಳುತ್ತಿದ್ದವು.

ಭಾವನ ಮುಖ ನೋಡಿದೆ. ಯಾವ ಗಳಿಗೆಯಲ್ಲಿ ನೀರಿಗಿಳಿದೆನೋ ನೆನಪಿಲ್ಲ. ಬೂಟು ಬಿಚ್ಚಿರಲಿಲ್ಲ. "ಹಾರೆ ತಗೊಂಡು ಬನ್ನಿ!" ಎಂದು ಕೂಗಿದೆನಂತೆ, ಅಕ್ಕ ಆಮೇಲೆ ಹೇಳಿದಳು. ಭಾವ ಹಾರೆ ತಂದರು. ಇಬ್ಬರೂ ತುಂಡಿನ ಬುಡಕ್ಕೆ ಹಾಕಿ ಮೀಟಿದೆವು. ಒಂದು ಸಲ ಜಾರಿ ಕುಳಿತೆ, ಎದೆಯವರೆಗೆ ನೀರು. ದಂಡೆಯಿಂದ ಅಕ್ಕ, "ಇಬ್ಬರೂ ಮುದುಕರು, ಸಾಯ್ತೀರಿ! ಮೇಲೆ ಬನ್ನಿ!" ಎಂದು ಕೊಡೆ ಬೀಸುತ್ತಿದ್ದಳು.

"ನಿನ್ನ ಕಡೆ ಒತ್ತು. ಇನ್ನೂ. ಇನ್ನೂ ಸ್ವಲ್ಪ ಕಣೋ" ಎಂದರು ಭಾವ.

ತುಂಡು ಹೊರಳಿತು. ನೀರು ಒಮ್ಮೆಲೇ ಆ ಸಂದಿಯಿಂದ ನುಗ್ಗಿತು. ಅದರ ಎದುರಿಗೆ ಮೀನು. ನಾವಿಬ್ಬರೂ ಹಾರೆ ಹಿಡಿದು ನಿಂತಲ್ಲೇ ನಿಂತೆವು, ಅಲುಗಾಡಿದರೆ ಹೆದರುತ್ತವೆಂದು. ಅವು ನನ್ನ ಮೀನಖಂಡಕ್ಕೆ ಬಡಿದು, ಕಾಲುಗಳ ನಡುವೆ ನುಸುಳಿ, ಮೇಲಕ್ಕೆ ಹೋದವು. ಹೋಗುತ್ತಲೇ ಇದ್ದವು. ಭಾವ ಒಂದು ಕೈಯಿಂದ ನನ್ನ ಭುಜ ಹಿಡಿದುಕೊಂಡಿದ್ದರು, ಜಾರದಿರಲೆಂದು ಇರಬೇಕು.

ಮೇಡಂ ದಂಡೆಯಿಂದ ಕೂಗಿ ಕೇಳಿದರು, ಎಷ್ಟು ಹತ್ತಿದವು ಸಾರ್ ಎಂದು.

ನಾನು ಎಣಿಸಿರಲಿಲ್ಲ.